ರೇಡಿಯೇಟರಿಗೆ ಬಾಗಿನ

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ಕೈಗುಣವಿದೆ ಎಂದು ಮೂವತ್ತನಾಲ್ಕನೆಯ ವಯಸ್ಸಿನವರೆಗೂ ನಂಬಿದ್ದೆ. ಮನೆಯ ಗೋಡೆ ಗಡಿಯಾರವನ್ನು ನಾನೇ ಬಿಚ್ಚಿ ನಾನೇ ಜೋಡಿಸಿದ್ದೆ. ಜೋಡಿಸಿ ಮುಗಿಸಿದಾಗ ಎರಡು ಚಕ್ರ ಉಳಿದವು. ಆದರೂ ಗಡಿಯಾರ ಓಡುತ್ತಿತ್ತು. ದಿನಕ್ಕೆ ಇಪ್ಪತ್ತೆಂಟು ಗಂಟೆಯಂತೆ ಓಡುತ್ತಿತ್ತು, ಅಷ್ಟೆ. ಅಲ್ಲಿಂದ ಮುಂದೆ ನಾನು ಕಚೇರಿಗೆ ಒಂದು ದಿನವೂ ತಡವಾಗಿ ಹೋಗಲಿಲ್ಲ. ಇಂಥ ಅನುಭವವುಳ್ಳವನು ಒಂದು ಹಳೆಯ ಕಾರು ಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಾರು, ಬೇರೆ ಊರಿಗೆ ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯದು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ಚಿಕ್ಕದಾದರೂ ನೋಡಲು ನನ್ನ ದೊಡ್ಡಪ್ಪನ ಹಾಗಿತ್ತು. ಅದಕ್ಕೆ ಇದ್ದದ್ದು ಒಂದೇ ಒಂದು ದುರಭ್ಯಾಸ. ಕುಡಿಯುತ್ತಿತ್ತು. ಬೆಳಿಗ್ಗೆ ರೇಡಿಯೇಟರಿಗೆ ಕಂಠಪೂರ್ತಿ ನೀರು ತುಂಬಿಸಿದರೆ ಸಂಜೆ ನಾನು ಮನೆ ಸೇರುವಷ್ಟರಲ್ಲಿ ಕಾಲು ಭಾಗ ಮಾಯವಾಗಿರುತ್ತಿತ್ತು.

ಮೊದಲ ದಿನ ಸಂಜೆ, ನೀರೆಷ್ಟಿದೆ ನೋಡೋಣವೆಂದು, ಕಾದ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಮುಚ್ಚಳ ಪಕ್ಕದ ಮನೆಯ ಸೀಬೆಮರಕ್ಕೆ ಹೋಯಿತು. ನಾನು ಆಸ್ಪತ್ರೆಗೆ ಹೋದೆ. ಅಂದಿನಿಂದ ಬಿಸಿಯಾಗಿರುವಾಗ ಮೇಲಿನ ಮುಚ್ಚಳದ ಸಹವಾಸವೇ ಬೇಡವೆಂದು ಬಿಟ್ಟೆ. ರೇಡಿಯೇಟರಿನ ತಳದಲ್ಲಿ, ಬೇಕಾದಾಗ ನೀರು ಖಾಲಿ ಮಾಡಲೆಂದು ಒಂದು ಪುಟ್ಟ ಹಿತ್ತಾಳೆ ನಲ್ಲಿ ಇರುತ್ತದೆ. ದಿನವೂ ಸಂಜೆ ಬಗ್ಗಿ ಆ ನಲ್ಲಿಯನ್ನು ತಿರುಗಿಸುತ್ತಿದ್ದೆ. ನೀರು ಜೋರಾಗಿ ಬಂದರೆ ಸಾಕಷ್ಟಿದೆ ಎಂದೂ ಸಣ್ಣಗೆ ಬಂದರೆ ಕಡಿಮೆಯಾಗಿದೆ ಎಂದೂ ತೀರ್ಮಾನಿಸಿ ಮತ್ತೆ ಮುಚ್ಚುತ್ತಿದ್ದೆ. ಈ ವೈಜ್ಞಾನಿಕ ವಿಧಾನ ನನ್ನದೇ ಶೋಧನೆ. ಕಾಲು ಭಾಗ ಮಾಯವಾಗುತ್ತಿದ್ದ ನೀರು ಕ್ರಮೇಣ ಅರ್ಧ ಮಾಯವಾಗತೊಡಗಿತು.

ನಾನು ತನಿಖೆ ಆರಂಭಿಸಿದೆ. ಮೊದಲ ಭಾನುವಾರ ರಬ್ಬರ್ ಕೊಳವೆಗಳ ಮೇಲೆ ಅನುಮಾನ ಬಂತು, ಎರಡನೆಯ ಭಾನುವಾರ ಪಂಪಿನ ಮೇಲೆ, ಮೂರನೆಯ ಭಾನುವಾರ ನೀರಿನ ಮೇಲೆಯೇ. ನಲ್ಲಿ ನೀರು ತೆಳ್ಳಗೆ, ಬೇಗ ಆವಿಯಾಗುತ್ತದೆ, ಬಾವಿ ನೀರಾದರೆ ದಪ್ಪ ಎಂದು ನಿರ್ಧರಿಸಿ, ನಾಲ್ಕು ಬೀದಿ ಆಚೆಯ ಬಾವಿಯಿಂದ ಹೊತ್ತು ತಂದು ತುಂಬಿಸಿದೆ. ಕಾರು ಅದನ್ನೂ ಕುಡಿಯಿತು.

ಒಂದು ದಿನ ನನ್ನ ಹೆಂಡತಿ ರತ್ನ ಅಂದಳು, "ರೀ, ಕಾರು ನಿಲ್ಸೋ ಜಾಗದಲ್ಲಿ ದಂಟಿನ ಸೊಪ್ಪು ಹುಟ್ಕೊಂಡಿದೆ. ನಾನಂತೂ ಬೀಜ ಹಾಕಿಲ್ಲ."

"ಮಳೆಗಾಲ ಕಣೇ, ಹುಟ್ಟುತ್ತೆ."

"ಹಿತ್ತಲಲ್ಲಿ ಎಲ್ಲೂ ಇಲ್ಲ. ಸರಿಯಾಗಿ ಕಾರಿನ ಮೂತಿ ಕೆಳಗೇ ಹುಟ್ಟಿದೆ. ಸಿದ್ದಾಪುರದ ಮೆಕ್ಯಾನಿಕ್ ಬಾಷಾ ಸಾಬರಿಗೆ ಒಂದ್ಸಲ ತೋರಿಸ್ಬಾರ್ದಾ?"

"ಎಂಜಿನ್ ವಿಷಯ ನಿನಗೆ ಗೊತ್ತಾಗಲ್ಲ, ಬಿಡು" ಎಂದೆ. ಅಂದು ಅದೇ ಸೊಪ್ಪಿನ ಬಸ್ಸಾರು ಮಾಡಿದ್ದಳು. ಎರಡು ಸಲ ಬಡಿಸಿಕೊಂಡು ತಿಂದೆ. ಆದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ನಾವಿದ್ದದ್ದು ಜಯನಗರದಲ್ಲಿ. ಜಯನಗರಕ್ಕೆ ನಾವು ಬಂದದ್ದಲ್ಲ, ಜಯನಗರವೇ ನಮ್ಮಲ್ಲಿಗೆ ಬಂದದ್ದು. ನಮ್ಮಪ್ಪ ಮುನಿಯಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಬಡಾವಣೆ ಎದ್ದಿತ್ತು. ಹೊಲದ ಮೂಲೆಯಲ್ಲಿ ನನ್ನ ಅಜ್ಜಿಯನ್ನು ಮಣ್ಣು ಮಾಡಿದ ಗುಡ್ಡೆ ಇತ್ತು. ಈಗ ಅಲ್ಲೊಂದು ಅಡ್ಡರಸ್ತೆ. ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಅಪ್ಪ ತಮ್ಮ ಅಕ್ಕನನ್ನು ಒಂದು ಮಾತೂ ಕೇಳಿರಲಿಲ್ಲ. ಅಕ್ಕ ಎಂದರೆ ತಲಘಟ್ಟಪುರಕ್ಕೆ ಕೊಟ್ಟಿದ್ದ ನಮ್ಮ ನಂಜಮ್ಮತ್ತೆ. ಸುದ್ದಿ ತಿಳಿದು ಬಂದವರು ಬಾಗಿಲಲ್ಲೇ ನಿಂತು, "ಅವ್ವನ ಗುಡ್ಡೆ ಮ್ಯಾಲೆ ರಸ್ತೆ ಹಾಕುಸ್ದಲ್ಲೋ ಮುನಿಯ. ಇನ್ನು ನಿನ್ನ ಬಾಗ್ನ ನಂಗೆ ಬ್ಯಾಡ" ಎಂದು, ನೀರೂ ಕುಡಿಯದೆ ಹೋದರು. ಗೌರಿ ಹಬ್ಬ ಬಂದರೆ ಕೊಟ್ಟ ಹೆಣ್ಣುಮಕ್ಕಳು ತವರಿನ ಬಾಗಿನಕ್ಕೆ ಬಾಗಿಲು ಕಾಯುತ್ತಾರೆ. ಆಮೇಲಿನ ಹತ್ತು ವರ್ಷ ಅತ್ತೆಗೆ ಬಾಗಿನ ಹೋಗಲಿಲ್ಲ. ಅಪ್ಪ ಕಳಿಸುವ ಧೈರ್ಯ ಮಾಡಲಿಲ್ಲ, ಅವರು ಬಾಯಿ ಬಿಟ್ಟು ಕೇಳಲಿಲ್ಲ.

ಆ ವರ್ಷ ಹಬ್ಬ ನಾಲ್ಕು ದಿನ ಇರುವಾಗ, ತಲಘಟ್ಟಪುರದಿಂದ ಬಂದು ಸೊಪ್ಪು ಮಾರುತ್ತಿದ್ದ ಹೆಂಗಸು ಬುಟ್ಟಿ ಇಳಿಸಿ ಹೇಳಿದಳು.

"ನಂಜಮ್ಮಕ್ಕ ಹಾಸ್ಗೆ ಹಿಡ್ದವ್ರೆ ಮುನಿಯಪ್ಪಣ್ಣ. ಬಾಳ ದಿನ ಇರೋ ಹಂಗೆ ಕಾಣಾಕಿಲ್ಲ. ಬಾಯಲ್ಲಿ ಒಂದೇ ಮಾತು. ಗೌರಿಗೆ ಮುನಿಯ ಬತ್ತಾನಾ, ಬಾಗ್ನ ತತ್ತಾನಾ, ಅಂತ."

ಅಪ್ಪ ಜಗಲಿಯಿಂದ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಅಂದೇ ಪೇಟೆಗೆ ಹೋಗಿ ತಾವೇ ಆರಿಸಿ ಒಂದು ಸೀರೆ ತಂದರು. ಅಪ್ಪ ಸೀರೆ ಆರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹಬ್ಬದಿನ ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಹೋಗ್ಬುಡಾನ ಕಣ್ಲಾ ಚಂದ್ರ" ಎಂದರು.

"ಹತ್ತು ವರ್ಷದ ಮೇಲೆ ಅಕ್ಕನ ಮನೆಗೆ ಹೋಗ್ತಿದ್ದೀಯ ಅಪ್ಪ. ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತೀಯಾ? ಕಾರಲ್ಲಿ ಹೋಗಿ ಇಳಿದ್ರೆ ಅತ್ತೆಗೂ ಮರ್ಯಾದೆ."

"ನೀರು ಸೋರ್ತದಲ್ಲೋ ಅದು."

"ಎಂಟೇ ಮೈಲಿ. ಎಂಟು ಮೈಲಿಗೆ ಏನಾಗುತ್ತೆ?"

ನಾನು ಓದಿದವನು, ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವನು. ಅಪ್ಪನಿಗೆ ನನ್ನ ಮಾತಿನ ಮೇಲೆ ನನಗಿಂತ ಹೆಚ್ಚು ನಂಬಿಕೆ. ಒಪ್ಪಿಕೊಂಡರು.

ಹಬ್ಬದ ದಿನ ಎಂಟು ಗಂಟೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಹೊಸ ಪಂಚೆ, ರುಮಾಲಿನ ಅಪ್ಪ. ಪಕ್ಕದಲ್ಲಿ ರತ್ನ, ಅವಳ ತೊಡೆಯ ಮೇಲೆ ಬಾಗಿನ. ಎರಡು ಹೊಸ ಮೊರ, ಒಂದರ ಮೇಲೊಂದು ಕವುಚಿ, ಮೈಗೆಲ್ಲ ಅರಿಶಿನ ಬಳಿದದ್ದು. ಒಳಗೆ ಅಕ್ಕಿ, ಬೇಳೆ, ರವೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಾಚಣಿಗೆ, ಕನ್ನಡಿ, ಅರಿಶಿನ, ಕುಂಕುಮ, ರವಿಕೆ ಕಣ. ಸೀರೆಯನ್ನು ಮಾತ್ರ ಅಪ್ಪ ಯಾರ ಕೈಗೂ ಕೊಡದೆ ತಾವೇ ಹಿಡಿದುಕೊಂಡಿದ್ದರು.

"ಹೋದೇಟ್ಗೆ ಅಕ್ಕನ್ನ ಏನಂತ ಮಾತಾಡ್ಸನವ್ವ?" ಎಂದು ಸೊಸೆಯನ್ನು ಕೇಳಿದರು.

"ಹೆಂಗಿದ್ದೀಯಕ್ಕ ಅನ್ನಿ ಮಾವ."

"ಅಷ್ಟೇ ಸಾಕಾ?"

"ಸಾಕು ಮಾವ."

ಅಪ್ಪ ಕಿಟಕಿಯ ಕಡೆ ತಿರುಗಿ, ತುಟಿಯಲ್ಲೇ ಆ ಮಾತನ್ನು ಎರಡು ಸಲ ಹೇಳಿಕೊಂಡರು. ಕನ್ನಡಿಯಲ್ಲಿ ನೋಡಿ ನಾನು ನಕ್ಕೆ. ನಗಬಾರದಿತ್ತು.

ಬನಶಂಕರಿ ಗುಡಿ ದಾಟುವಷ್ಟರಲ್ಲಿ ಕಾರಿನ ಮೂತಿಯಿಂದ ಹೊಗೆಯಂತೆ ಆವಿ ಎದ್ದಿತು. ತಣಿಯಲು ಅರ್ಧ ಗಂಟೆ ಬಿಟ್ಟು, ಗುಡಿಯ ಹತ್ತಿರ ನೀರು ಬೇಡಿ ತಂದು ತುಂಬಿಸಿದೆ. ಸರಕ್ಕಿ ಬರುವಷ್ಟರಲ್ಲಿ ಮತ್ತೆ ಅದೇ ಕಥೆ. ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದ್ದೆ. ಹಿಂದಿನಿಂದ ಕನಕಪುರದ ಬಸ್ಸು ಬಂತು. ಅಪ್ಪ ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡು ಕೈ ಅಡ್ಡ ಹಿಡಿದರು. ಬಸ್ಸು ನಿಂತಿತು.

"ಎಲ್ಲಿಗೆ ಯಜಮಾನ್ರೇ?" ಕಂಡಕ್ಟರು ಕೇಳಿದ.

"ತಲಘಟ್ಟಪುರ ಕಣಪ್ಪ. ನಂಜಮ್ಮನ ತಮ್ಮ ನಾನು. ಅಕ್ಕನಿಗೆ ಹುಷಾರಿಲ್ಲ."

ನಾನು ಬಾನೆಟ್ಟಿನಿಂದ ತಲೆ ಹೊರಗೆ ತೆಗೆದು, ಕೈ ಬೀಸಿ, "ನೀವು ಹೋಗ್ತಾ ಇರಿ, ನಮ್ಮದು ರೆಡಿ ಆಯ್ತು. ನಿಮ್ಮ ಹಿಂದೇನೇ ಬರ್ತೀವಿ" ಎಂದೆ. ಅಪ್ಪ ನನ್ನ ಮುಖ ನೋಡಿದರು, ಬಸ್ಸಿನ ಮುಖ ನೋಡಿದರು. ನಾಲ್ಕು ಜನರ ಎದುರಿಗೆ ಮಗನ ಮಾತು ತೆಗೆದುಹಾಕುವುದು ಬೇಡವೆನ್ನಿಸಿರಬೇಕು. ಕಂಡಕ್ಟರು ಸೀಟಿ ಊದಿದ.

ಸ್ವಲ್ಪ ಹೊತ್ತಿಗೆ ಒಬ್ಬ ಲಾರಿ ಡ್ರೈವರ್ ನಮ್ಮನ್ನು ಕಂಡು ಲಾರಿ ನಿಲ್ಲಿಸಿದ. ಇಣುಕಿ ನೋಡಿ, "ಸಾರ್, ರೇಡಿಯೇಟರ್‌ಗೆ ಒಂದು ಚಿಟಿಕೆ ಅರಿಶಿನ ಹಾಕಿ. ಸಣ್ಣ ತೂತಿದ್ರೆ ಮುಚ್ಕೊಳ್ಳುತ್ತೆ. ಒಂದೇ ಚಿಟಿಕೆ" ಎಂದು ಹೇಳಿ ಹೋದ. ನಾನು ತಿರುಗಿ ನೋಡಿದೆ. ರತ್ನ ಬಾಗಿನವನ್ನು ಎದೆಗೆ ಅವುಚಿಕೊಂಡಿದ್ದಳು.

"ಗೌರಿ ಮುಂದೆ ಇಟ್ಟು ಪೂಜೆ ಮಾಡಿದ್ದು ರೀ. ಮುತ್ತೈದೆಗೆ ಕೊಡೋ ಅರಿಶಿನ."

"ಕೊಡವ್ವ" ಎಂದರು ಅಪ್ಪ. "ಬ್ಯಾಗ ಹೋಗಿ ಸೇರ್ಕೊಂಡ್ರೆ ಸಾಕು."

ಒಂದು ಚಿಟಿಕೆಯಿಂದ ಅಷ್ಟು ಉಪಯೋಗವಿದ್ದರೆ ಇಡೀ ಪೊಟ್ಟಣದಿಂದ ಎಷ್ಟಿರಬೇಡ ಎಂದು ಲೆಕ್ಕ ಹಾಕಿ, ಇಡೀ ಪೊಟ್ಟಣ ಸುರಿದೆ. ಕಾರು ಹೊರಟಿತು. ಹಿಂದೆ ರಸ್ತೆಯುದ್ದಕ್ಕೂ ಒಂದು ಹಳದಿ ಗೆರೆ ಬರುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ಅದನ್ನು ತುಳಿಯದೆ ದಾಟಿ ನಮಗೆ ಕೈ ಮುಗಿದಳು. ಆ ಗೆರೆ ಎಲ್ಲಿಂದ ಸುರಿಯುತ್ತಿದೆ ಎಂದು ಬಗ್ಗಿ ನೋಡಿದ್ದರೆ ನನ್ನ ತನಿಖೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಗ್ಗಲಿಲ್ಲ.

ಕೋಣನಕುಂಟೆಯ ಹತ್ತಿರ ಕಾದು ಕಾದು ಮೇಲಿನ ರಬ್ಬರ್ ಕೊಳವೆ ಬಿರಿಯಿತು. ನೋಡಿದಿರಾ, ಕೊಳವೆಯ ಮೇಲೆ ನನಗೆ ಮೊದಲ ಭಾನುವಾರವೇ ಅನುಮಾನವಿತ್ತು! ಬಿಗಿಯಾಗಿ ಸುತ್ತಲು ಒಂದು ಗಟ್ಟಿ ಬಟ್ಟೆ ಬೇಕಾಗಿತ್ತು. ಬಾಗಿನದ ಕಡೆ ಕೈ ಚಾಚಿದೆ. ಈ ಸಲ ರತ್ನ ಮಾತಾಡಲಿಲ್ಲ. ಹಸಿರು ರವಿಕೆ ಕಣವನ್ನು ತೆಗೆದು ಕೈಗಿಟ್ಟಳು. ಹೆಂಡತಿ ಮಾತಾಡದೆ ಕೊಟ್ಟದ್ದನ್ನು ಬುದ್ಧಿಯಿರುವ ಗಂಡ ತೆಗೆದುಕೊಳ್ಳುವುದಿಲ್ಲ. ನಾನು ತೆಗೆದುಕೊಂಡೆ.

ರವಿಕೆ ತೊಟ್ಟುಕೊಂಡು ಕಾರು ಇನ್ನೊಂದು ಮೈಲಿ ನಡೆಯಿತು. ಆದರೂ ನೀರು ಎಲ್ಲಿಂದಲೋ ಹೋಗುತ್ತಲೇ ಇತ್ತು. ಆಗ ನಾನು ಶಾಸ್ತ್ರೋಕ್ತವಾಗಿ ಯೋಚಿಸಿದೆ. ಅರಿಶಿನ ಬಲು ನುಣುಪು, ತೂತಿನಲ್ಲಿ ಜಾರಿ ಹೋಗುತ್ತದೆ. ತರಿತರಿಯಾಗಿದ್ದು, ನೀರಿನಲ್ಲಿ ಉಬ್ಬಿ, ಒಳಗೇ ಗಟ್ಟಿಯಾಗಿ ಕೂರುವ ಪದಾರ್ಥ ಬೇಕು. ಅಂಥ ಪದಾರ್ಥ ಬಾಗಿನದಲ್ಲಿ ಇತ್ತು. ರವೆ!

ಸೋರುವುದು ನಿಂತಿತು. ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ಮಿಕ್ಕದ್ದೆಲ್ಲವೂ ನಿಂತಿತು. ಎಂಜಿನ್ನು ಒಮ್ಮೆ ಆಕಳಿಸಿದ ಹಾಗೆ ಸದ್ದು ಮಾಡಿ, ಮತ್ತೆ ಉಸಿರೆತ್ತಲಿಲ್ಲ. ಮುಚ್ಚಳ ಹಾರಿ, ಹಳದಿ ಉಪ್ಪಿಟ್ಟು ನಿಧಾನವಾಗಿ ಮೇಲೆ ಬಂತು. ಒಗ್ಗರಣೆಯೊಂದು ಇರಲಿಲ್ಲ.

ಆಗ ಮಧ್ಯಾಹ್ನ ಹನ್ನೆರಡು. ತಲಘಟ್ಟಪುರಕ್ಕೆ ಎರಡು ಮೈಲಿ ಉಳಿದಿತ್ತು. ಅಪ್ಪ ಕೆಳಗಿಳಿದು, ಸೀರೆ ಹಿಡಿದು, ನೋಯುವ ಮಂಡಿಯನ್ನು ಎಳೆದುಕೊಂಡು ನಡೆಯತೊಡಗಿದರು. ಅಷ್ಟರಲ್ಲಿ ಒಬ್ಬ ರೈತ ಖಾಲಿ ಎತ್ತಿನ ಗಾಡಿ ಹೊಡೆದುಕೊಂಡು ಬಂದ. ವಿಷಯ ಕೇಳಿ, "ಯಜಮಾನ್ರು ಹತ್ಕೊಳ್ಲಿ ಬುಡಿ, ಅರ್ಧ ಗಂಟೇಲಿ ಬುಟ್ಬುಡ್ತೀನಿ" ಎಂದ.

ಇಲ್ಲಿಯವರೆಗೆ ನಡೆದದ್ದಕ್ಕೆಲ್ಲ ನನ್ನ ದಡ್ಡತನ ಕಾರಣ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಇನ್ನು ಮುಂದಿನದಕ್ಕೆ ಆ ನೆಪವೂ ಇಲ್ಲ. ಹತ್ತು ವರ್ಷದ ಮೇಲೆ ಅತ್ತೆಯ ಬಾಗಿಲಿಗೆ ಅಪ್ಪ ಕಾರಿನಲ್ಲೇ ಹೋಗಬೇಕು ಎಂಬ ಹಟ ನನ್ನ ತಲೆಯಲ್ಲಿ ಕೂತಿತ್ತು. ಕಾರನ್ನು ನಡುದಾರಿಯಲ್ಲಿ ಬಿಟ್ಟರೆ ಯಾರು ಏನು ಬಿಚ್ಚಿಕೊಳ್ಳುತ್ತಾರೋ ಎಂಬ ಭಯವೂ ಇತ್ತು. ಆಗ ಅದರಲ್ಲಿ ಬಿಚ್ಚಿಕೊಳ್ಳಲು ಉಪ್ಪಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. "ಎಲ್ಲರೂ ಒಟ್ಟಿಗೆ ಹೋಗೋಣ ಅಪ್ಪ, ಕಾರನ್ನೇ ಎತ್ತಿಗೆ ಕಟ್ಟಿಸ್ತೀನಿ" ಎಂದೆ. ಹಗ್ಗ ಹುಡುಕಿ ತರಲು ಒಂದು ಗಂಟೆ. ಕಟ್ಟಿದ್ದು ಎರಡು ಸಲ ಹರಿಯಿತು. ಏರಿನಲ್ಲಿ ಎತ್ತುಗಳು ನಿಂತು ನನ್ನ ಕಡೆ ತಿರುಗಿ ನೋಡಿದವು. ಅಪ್ಪ ತಿರುಗಿ ಬಂದು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು.

ಮೂರು ಗಂಟೆಗೆ ನಮ್ಮ ಸವಾರಿ ತಲಘಟ್ಟಪುರ ಸೇರಿತು. ಎರಡು ಎತ್ತು, ಅವುಗಳ ಹಿಂದೆ ಕಾರು, ಸ್ಟಿಯರಿಂಗ್ ಹಿಡಿದು ಗಂಭೀರವಾಗಿ 'ಓಡಿಸುತ್ತಿದ್ದ' ನಾನು. ಊರಿನ ಮಕ್ಕಳು ಕೇಕೆ ಹಾಕುತ್ತ ಹಿಂದೆ ಓಡಿ ಬಂದರು. ಅತ್ತೆಯ ಬೀದಿಗೆ ತಿರುಗುತ್ತಲೇ ಕೇಕೆ ನಿಂತಿತು. ಬಾಗಿಲ ಮುಂದೆ ಜನ ಕೂತಿದ್ದರು. ಹಬ್ಬಕ್ಕೆ ಬಂದ ನಮ್ಮನ್ನು ಎದುರುಗೊಳ್ಳಲು ಸೇರಿದ್ದಾರೆ ಎಂದೇ ಒಂದು ಕ್ಷಣ ಅಂದುಕೊಂಡೆ. ಆಮೇಲೆ ಅಂಗಳದಲ್ಲಿ ಬೆಂಕಿ ಹಾಕಿದ್ದು ಕಂಡಿತು.

ಅತ್ತೆಯ ಗಂಡ ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡರು.

"ಬಂದ್ಯಾ ಮುನಿಯಪ್ಪ. ಬಸ್ಸಿನ ಕಂಡಕ್ಟ್ರು ಬಂದು ಹೇಳ್ದ, ಸರಕ್ಕಿ ತಾವ ಅವ್ರೆ, ಕಾರಲ್ಲಿ ಹಿಂದೇನೇ ಬತ್ತಾವ್ರೆ ಅಂತ. ಅದ ಕೇಳಿ ಅವಳು ಎದ್ದು ಕೂತ್ಲು ಕಣಪ್ಪ. ಎಂಟು ದಿನದಿಂದ ಮಗ್ಗುಲೂ ಬದಲಾಯಿಸ್ದೆ ಇದ್ದೋಳು ಎದ್ದು ಕೂತು, ತಲೆ ಬಾಚುಸ್ಕೊಂಡ್ಲು. ಒಂದೂವರೆ ಗಂಟೆಗಂಟ ಬಾಗ್ಲನ್ನೇ ನೋಡ್ತಿದ್ಲು."

ಅಪ್ಪ ಒಳಗೆ ನಡೆದರು. ಮುತ್ತೈದೆ ಸತ್ತರೆ ತವರಿನ ಅರಿಶಿನ ಕುಂಕುಮ, ತವರಿನ ಸೀರೆ, ರವಿಕೆ ಕಣ ಬರುವವರೆಗೂ ಎತ್ತುವ ಹಾಗಿಲ್ಲ. ಅದಕ್ಕೇ ಊರೆಲ್ಲ ಕಾಯುತ್ತಿತ್ತು. ಒಬ್ಬ ಹಿರಿಯ ಹೆಂಗಸು ರತ್ನಳ ಮುಂದೆ ಕೂತು, "ಕೊಡವ್ವ, ತವರಿನ ಅರ್ಸಿನ ಕೊಡು" ಎಂದಳು. ರತ್ನ ಮೇಲಿನ ಮೊರ ಎತ್ತಿದಳು. ಕುಂಕುಮವಿತ್ತು, ಬಳೆಯಿತ್ತು, ಕನ್ನಡಿಯಿತ್ತು. ಅರಿಶಿನದ ಜಾಗದಲ್ಲಿ ಖಾಲಿ ಕಾಗದ. ರವಿಕೆ ಕಣ ಹೊರಗೆ ಕಾರಿನ ಕೊಳವೆಗೆ ಸುತ್ತಿಕೊಂಡಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡ ಗುಣ. ನಾನು ನೆಲ ನೋಡುತ್ತ ನಿಂತಿದ್ದೆ. ಅಷ್ಟು ಅವಮಾನ, ಅಷ್ಟು ಸಂಕಟ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಪಕ್ಕದ ಮನೆಯಿಂದ ತರುತ್ತೇವೆ ಎಂದು ಯಾರೋ ಎದ್ದರು. ಅಪ್ಪ ತಡೆದರು. ಮೊರವನ್ನು ಹತ್ತಿರ ಎಳೆದುಕೊಂಡು, ಹೆಬ್ಬೆರಳು ಒದ್ದೆ ಮಾಡಿ, ಮೊರದ ಮೈಗೆ ಬಳಿದಿದ್ದ ಅರಿಶಿನವನ್ನು ಉಜ್ಜಿ ಉಜ್ಜಿ ತೆಗೆದರು. ಜಮೀನಿನ ಕಾಗದಕ್ಕೆ ಒತ್ತಿದ ಅದೇ ಹೆಬ್ಬೆರಳು. ಅಕ್ಕನ ಕೆನ್ನೆಗೆ ಹಚ್ಚಿದರು. ಸೀರೆಯನ್ನು ಮೈಮೇಲೆ ಹೊದಿಸಿದರು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಅವರ ಬಾಯಿಂದ ಬರಲಿಲ್ಲ. ನಾನು ಹೊರಗೆ ಬಂದು ಕಾರಿನ ಹಿಂದೆ ನಿಂತು ಅತ್ತುಬಿಟ್ಟೆ.

ಹದಿನೈದು ದಿನದ ಮೇಲೆ ಕಾರನ್ನು ಸಿದ್ದಾಪುರದ ಬಾಷಾ ಸಾಬರ ಶೆಡ್ಡಿಗೆ ಎಳೆಸಿಕೊಂಡು ಬಂದೆ. ಮೆಕ್ಯಾನಿಕ್ಕುಗಳ ಪೈಕಿ ಅವರು ಮೆದು ಮಾತಿನವರು. ಕೈಯಲ್ಲಿದ್ದ ಅರ್ಧ ಲೋಟ ಚಹಾ ಮುಗಿಯುವುದರೊಳಗೆ ಕಾರಿನ ಕೆಳಗೆ ಹೋಗಿ ಹೊರಗೆ ಬಂದರು.

"ಸಾರ್, ಕೆಳಗಿನ ನಲ್ಲಿ ಯಾರು ತಿರುಗಿಸ್ತಿದ್ರು?"

"ನಾನೇ. ನೀರು ಇದೆಯೋ ಇಲ್ವೋ ನೋಡೋಕೆ."

"ದಿನಾನಾ?"

"ದಿನಾ."

ಬಾಷಾ ಸಾಬರು ಲೋಟ ಕೆಳಗಿಟ್ಟರು. "ಮೊದಲು ಒಂಚೂರು ಸಡಿಲ ಇದ್ದಿರ್ಬೇಕು ಸಾರ್. ಒಂದು ಸಲ ಬಿಗಿ ಮಾಡಿದ್ರೆ ಮುಗೀತಿತ್ತು. ನೀವು ದಿನಾ ತಿರುಗಿಸಿ ತಿರುಗಿಸಿ ಪೂರಾ ಸವೆಸಿಬಿಟ್ಟಿದ್ದೀರಿ. ಇನ್ನೇನೂ ಕಾಯಿಲೆ ಇರ್ಲಿಲ್ಲ ಇದಕ್ಕೆ." ಆಮೇಲೆ ಎಂಜಿನ್ನಿನೊಳಗೆ ಇಣುಕಿ, ಅಲ್ಲಿ ಗಟ್ಟಿಯಾಗಿದ್ದದ್ದು ಏನೆಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಕಾರನ್ನು ಅಲ್ಲೇ ಬಿಟ್ಟು ಬಂದೆ. ಗುಜರಿಯವರು ಬಂದು ಕೊಂಡೊಯ್ದರು.

ಈ ಕಥೆಯನ್ನು ಹೇಳು ಎಂದು ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು ಕಾಡುತ್ತಾರೆ. ಹೇಳುತ್ತೇನೆ. ಅರಿಶಿನಕ್ಕೆ ಬಂದಾಗ ಮುಗುಳುನಗುತ್ತಾರೆ, ರವಿಕೆಗೆ ಬಂದಾಗ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ, ಉಪ್ಪಿಟ್ಟಿಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಎತ್ತಿನ ಹಿಂದೆ ಕಾರು ಹೊರಟಲ್ಲಿಗೆ ನಿಲ್ಲಿಸಿಬಿಡುತ್ತೇನೆ. ನಮ್ಮವರಿಗೆ ಮುಂದಿನದು ಗೊತ್ತು, ಕೇಳುವುದಿಲ್ಲ. ಆದರೆ ಒಂದು ಸಲ, ಹೊಸದಾಗಿ ನೆಂಟಸ್ತನ ಬೆಳೆಸಿದ್ದ ಬೀಗರೊಬ್ಬರು ಕಣ್ಣೊರೆಸಿಕೊಳ್ಳುತ್ತ ಕೇಳಿಬಿಟ್ಟರು.

"ಆಮೇಲೆ? ಹೊತ್ತಿಗೆ ಸರಿಯಾಗಿ ಹೋಗಿ ಸೇರಿದ್ರಾ?"

ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪ, ತಲೆ ಎತ್ತದೆ, "ಓ, ಸೇರುದ್ವಿ. ನಮ್ಮ ಚಂದ್ರ ಅಲ್ವಾ ಓಡ್ಸಿದ್ದು" ಎಂದರು. ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಪ್ಪನ ಮಾತು ಸುಳ್ಳಾಗುತ್ತಿತ್ತು.